ಮಹಾಲಕ್ಷ್ಮಿಯ ಕುದುರೆ ಗೆಲ್ಲುವುದು ಯಾರ ಬಲದಿಂದ?

ಫೆಬ್ರುವರಿಯ ಮೊದಲ ಭಾನುವಾರ ಮುಂಬಯಿಯ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಇಂಡಿಯನ್ ಡರ್ಬಿ. ನಾಲ್ಕು ವರ್ಷದ ಕುದುರೆಗಳ ಓಟ, ದೂರ 2,400 ಮೀಟರ್, ಮುಗಿಯಲು ಬೇಕಾದದ್ದು ಸುಮಾರು ಎರಡೂವರೆ ನಿಮಿಷ. ಆ ದಿನದ ರೇಸ್ ಕಾರ್ಡಿನಲ್ಲಿ ಪ್ರತಿ ಕುದುರೆಯ ಹೆಸರಿನ ಜೊತೆ ಅದರ ಅಪ್ಪನ ಹೆಸರು, ತಾಯಿಯ ಹೆಸರು, ಮಾಲೀಕರು, ಟ್ರೇನರ್, ಜಾಕಿ, ಹೊರುವ ತೂಕ ಎಲ್ಲವೂ ಇರುತ್ತವೆ. ಆ ಕುದುರೆಗೆ ಮುಂಚೆ ತಾನು ಎದ್ದು, ಅದರ ಮೈ ಉಜ್ಜಿ, ಮೇವು ಹಾಕಿ, ಕಾಲು ತಡವಿ ನೋಡಿದ ಸೈಸನ ಹೆಸರು ಮಾತ್ರ ಇರುವುದಿಲ್ಲ. ಕುದುರೆ ಏಕೆ ಗೆಲ್ಲುತ್ತದೆ ಎಂಬ ಪ್ರಶ್ನೆಗೆ ರೇಸಿನ ಲೋಕ ಇನ್ನೂರು ವರ್ಷಗಳಿಂದ ಕೊಡುತ್ತ ಬಂದ ಉತ್ತರ ಆ ಕಾರ್ಡಿನಲ್ಲೇ ಇದೆ: ಮೊದಲು ರಕ್ತ, ಆಮೇಲೆ ದುಡ್ಡು, ಆಮೇಲೆ ಜಾಣತನ. ಆ ಉತ್ತರ ಅರೆಬರೆ ಎಂದು ನನಗೆ ಬಹಳ ಕಾಲದಿಂದ ಅನ್ನಿಸಿದೆ. ವಿಜ್ಞಾನವೂ ಈಗ ಹಾಗೆಯೇ ಹೇಳುತ್ತಿದೆ.

ಮುಂಬಯಿಗೂ ಕುದುರೆಗೂ ಇರುವ ನಂಟು ಹಳೆಯದು. ಪರ್ಷಿಯನ್ ಕೊಲ್ಲಿಯಿಂದ ಹಡಗಿನಲ್ಲಿ ಬಂದಿಳಿಯುತ್ತಿದ್ದ ಅರಬ್ಬಿ ಕುದುರೆಗಳ ದೊಡ್ಡ ಮಾರುಕಟ್ಟೆ ಇದಾಗಿತ್ತು. ಮೊದಲು ಬೈಕುಲ್ಲಾದಲ್ಲಿ ನಡೆಯುತ್ತಿದ್ದ ರೇಸು 1883ರಲ್ಲಿ ಮಹಾಲಕ್ಷ್ಮಿಯ ಜೌಗು ನೆಲಕ್ಕೆ ಬಂತು. ಬಾಂಬೆ ಟರ್ಫ್ ಕ್ಲಬ್ಬು 1935ರಲ್ಲಿ ರಾಯಲ್ ವೆಸ್ಟರ್ನ್ ಇಂಡಿಯಾ ಟರ್ಫ್ ಕ್ಲಬ್ ಎನಿಸಿತು. 1943ರಲ್ಲಿ ಇಂಡಿಯನ್ ಡರ್ಬಿ ಆರಂಭವಾಯಿತು. ಮೊದಲ ವರ್ಷ ಗೆದ್ದದ್ದು ಬರೋಡಾ ಅರಮನೆಯ ಹೆಣ್ಣು ಕುದುರೆ ಪ್ರಿನ್ಸೆಸ್ ಬ್ಯೂಟಿಫುಲ್. ಮುಂಬಯಿ, ಪುಣೆಗಳಲ್ಲಿ ಬೆಳೆದ ಮೂರನೇ ಆಗಾ ಖಾನ್ ಇಂಗ್ಲೆಂಡಿನ ಎಪ್ಸಮ್ ಡರ್ಬಿಯನ್ನು ಐದು ಸಲ ಗೆದ್ದರು: 1930, 1935, 1936, 1948 ಮತ್ತು 1952ರಲ್ಲಿ. ಬರೋಡಾದ ಮಹಾರಾಜ ಪ್ರತಾಪಸಿಂಹ ಗಾಯಕವಾಡರು 1945ರಲ್ಲಿ 28,000 ಗಿನಿ ಸುರಿದು ಒಂದು ಎಳೆಯ ಗಂಡು ಕುದುರೆ ಕೊಂಡರು. ಅದು ಆ ವರ್ಷದ ಇಂಗ್ಲೆಂಡಿನ ಡರ್ಬಿ ಗೆದ್ದ ಡಾಂಟೆಯ ಸ್ವಂತ ತಮ್ಮ. ಸಯಾಜಿರಾವ್ ಎಂದು ಹೆಸರಿಟ್ಟರು. 1947ರಲ್ಲಿ ಅದು ಐರಿಷ್ ಡರ್ಬಿಯನ್ನೂ ಸೇಂಟ್ ಲೆಜರನ್ನೂ ಗೆದ್ದು ಹಾಕಿದ ದುಡ್ಡಿಗೆ ಮರ್ಯಾದೆ ತಂದಿತು. ರಕ್ತವನ್ನು ನಂಬುವವರು ಇಂದಿಗೂ ಇಂಥ ಕಥೆಗಳನ್ನೇ ಹೇಳುತ್ತಾರೆ.

ಸೋತ ಕಥೆಗಳನ್ನು ಯಾರೂ ಅಷ್ಟು ಹೇಳುವುದಿಲ್ಲ. 1983ರಲ್ಲಿ ಅಮೆರಿಕದ ಹರಾಜಿನಲ್ಲಿ ಸ್ನಾಫಿ ಡ್ಯಾನ್ಸರ್ ಎಂಬ ಒಂದು ವರ್ಷದ ಮರಿಗೆ 1.02 ಕೋಟಿ ಡಾಲರ್ ಬೆಲೆ ಬಂತು. ಅದರ ಅಪ್ಪ ನಾರ್ದರ್ನ್ ಡ್ಯಾನ್ಸರ್, ಇಪ್ಪತ್ತನೇ ಶತಮಾನದ ಅತಿ ದೊಡ್ಡ ಬೀಜದ ಕುದುರೆ. ಮರಿ ಒಂದೇ ಒಂದು ರೇಸಿಗೂ ಇಳಿಯಲಿಲ್ಲ. ತಳಿಗಾದರೂ ಆದೀತೆಂದು ಬಿಟ್ಟರೆ ಬೆರಳೆಣಿಕೆಯ ಮರಿಗಳನ್ನಷ್ಟೇ ಕೊಟ್ಟಿತು. ಅದೇ ನಾರ್ದರ್ನ್ ಡ್ಯಾನ್ಸರನ ಇನ್ನೊಬ್ಬ ಮಗ ರಜೀನ್. 1990ರ ಎಪ್ಸಮ್ ಡರ್ಬಿಯಲ್ಲಿ ಎಲ್ಲರ ಮೆಚ್ಚಿನ ಕುದುರೆಯಾಗಿ ಇಳಿದು ಎಲ್ಲೋ ಹಿಂದೆ ಬಿತ್ತು. ಅಲ್ಲಿ ಸೋತ ಆ ಕುದುರೆ ಭಾರತಕ್ಕೆ ಬಂದು ಹರಿಯಾಣದ ಉಷಾ ಸ್ಟಡ್ ಫಾರಂನಲ್ಲಿ ನಿಂತು, ನಮ್ಮ ರೇಸಿನ ಚರಿತ್ರೆಯಲ್ಲೇ ಅತಿ ಯಶಸ್ವಿ ತಂದೆಗಳಲ್ಲಿ ಒಂದಾಯಿತು. ಒಂದೇ ಅಪ್ಪನ ಇಬ್ಬರು ಮಕ್ಕಳ ಹಣೆಬರಹ ಇಷ್ಟು ಬೇರೆಯಾದರೆ ವಂಶಾವಳಿಯ ಪುಸ್ತಕವನ್ನು ಎಷ್ಟರಮಟ್ಟಿಗೆ ನಂಬಬೇಕು?

2008ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಅಲಸ್ಟೇರ್ ವಿಲ್ಸನ್ ಮತ್ತು ಆಂಡ್ರ್ಯೂ ರಾಂಬೊ ಇದನ್ನೇ ಲೆಕ್ಕ ಹಾಕಿ ನೋಡಿದರು. ಸಾವಿರಾರು ಕುದುರೆಗಳ ಜೀವಮಾನದ ಗಳಿಕೆಯನ್ನು ಅವುಗಳ ವಂಶಾವಳಿಯ ಜೊತೆ ಹೊಂದಿಸಿದಾಗ, ಗಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಆನುವಂಶಿಕತೆಯ ಪಾಲು ಹತ್ತಿರಹತ್ತಿರ ಶೇ 10 ಮಾತ್ರ ಎಂದು ತಿಳಿಯಿತು. ದುಬಾರಿ ಬೀಜದ ಕುದುರೆಯ ಮಕ್ಕಳು ಹೆಚ್ಚು ಗೆಲ್ಲುವುದು ನಿಜ. ಅದಕ್ಕೆ ಮುಖ್ಯ ಕಾರಣ, ಅಷ್ಟು ದುಡ್ಡು ಕೊಡಬಲ್ಲವರು ಒಳ್ಳೆಯ ಫಾರಂ, ಒಳ್ಳೆಯ ಟ್ರೇನರ್, ಒಳ್ಳೆಯ ಜಾಕಿಯನ್ನೂ ತರಬಲ್ಲರು ಎಂಬುದು.

ಇದನ್ನು ತಪ್ಪಾಗಿ ಓದಿಕೊಳ್ಳಬಾರದು. ರಕ್ತ ಲೆಕ್ಕಕ್ಕಿಲ್ಲ ಎಂದು ಇದರ ಅರ್ಥವಲ್ಲ. ಟಾಂಗಾ ಕುದುರೆಯನ್ನು ತಂದು ಡರ್ಬಿಗೆ ಬಿಟ್ಟರೆ ಗೆಲ್ಲುವುದಿಲ್ಲ. ಡರ್ಬಿಯ ಗೇಟಿನಲ್ಲಿ ನಿಂತ ಅಷ್ಟೂ ಕುದುರೆಗಳು ಥರೋಬ್ರೆಡ್ ಎಂಬ ರೇಸು ತಳಿಯವೇ. 1791ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಜನರಲ್ ಸ್ಟಡ್ ಬುಕ್ಕಿನಿಂದ ಹಿಡಿದು ಪುಣೆಯ ಸ್ಟಡ್ ಬುಕ್ ಅಥಾರಿಟಿಯ ದಾಖಲೆಯವರೆಗೆ ಒಂದೊಂದರ ತಲೆಮಾರೂ ಬರೆದಿಟ್ಟಿದೆ. ಈ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವೇ ಇಲ್ಲ, ಗಂಡು ಹೆಣ್ಣು ನೇರವಾಗಿಯೇ ಕೂಡಬೇಕು. ಡಬ್ಲಿನ್ನಿನ ವಿಜ್ಞಾನಿಗಳು 2020ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕುದುರೆಗಳನ್ನು ಪರೀಕ್ಷಿಸಿದಾಗ ಶೇ 97ರಷ್ಟರ ವಂಶಾವಳಿಯಲ್ಲಿ ನಾರ್ದರ್ನ್ ಡ್ಯಾನ್ಸರ್ ಇದ್ದ. ಎಲ್ಲರೂ ಒಂದೇ ಮನೆತನದವರಾದ ಮೇಲೆ ಮನೆತನದಿಂದಲೇ ಯಾರು ಮೊದಲು ಎಂದು ತೀರ್ಮಾನವಾಗುವುದು ಹೇಗೆ? ಮೂಗಿನಳತೆಯಲ್ಲಿ ಸೋಲುವುದಕ್ಕೂ ಗೆಲ್ಲುವುದಕ್ಕೂ ಕಾರಣ ಬೇರೆಲ್ಲೋ ಇರಬೇಕು. ಜೊತೆಗೆ, ಒಳಸಂಬಂಧ ಹೀಗೆ ಬಿಗಿಯಾದಷ್ಟೂ ಆರೋಗ್ಯದ ತೊಂದರೆಗಳು ಹೆಚ್ಚುವ ಭಯವೂ ಇದೆ.

ಜೀನ್ ಪರೀಕ್ಷೆಯಿಂದ ಸ್ಪಷ್ಟವಾಗಿ ತಿಳಿಯುವ ಒಂದು ಸಂಗತಿ ಓಟದ ದೂರದ್ದು. ಸ್ನಾಯುವಿನ ಬೆಳವಣಿಗೆಗೆ ಕಡಿವಾಣ ಹಾಕುವ ಮಯೋಸ್ಟಾಟಿನ್ ಎಂಬ ಜೀನಿನ ಒಂದು ಬಗೆ ಇದ್ದರೆ ಕುದುರೆ ಗಿಡ್ಡ ಓಟಕ್ಕೆ, ಇನ್ನೊಂದು ಬಗೆ ಇದ್ದರೆ ಉದ್ದ ಓಟಕ್ಕೆ, ಎರಡೂ ಬೆರೆತಿದ್ದರೆ ಮಧ್ಯಮ ದೂರಕ್ಕೆ ಒಗ್ಗುತ್ತದೆ ಎಂದು ಎಮ್ಮೆಲಿನ್ ಹಿಲ್ ಮತ್ತು ಅವರ ತಂಡ 2010ರಲ್ಲಿ ತೋರಿಸಿತು. ಡಿಸೆಂಬರಿನ 1,600 ಮೀಟರ್ ಗಿನಿಸ್ ಎಂಬ ಓಟದಲ್ಲಿ ಮೆರೆದ ಕುದುರೆ ಫೆಬ್ರುವರಿಯ ಡರ್ಬಿಯ ಕೊನೆಯ ತಿರುವಿನಲ್ಲಿ ಉಸಿರು ಬಿಡುವುದೇಕೆ ಎಂಬುದಕ್ಕೆ ಇದು ಅರ್ಧ ಉತ್ತರ. ಯಾವ ಕುದುರೆ ಗೆಲ್ಲುತ್ತದೆ ಎಂದು ಈ ಪರೀಕ್ಷೆಯಿಂದ ಗೊತ್ತಾಗದು. ಯಾವ ಓಟಕ್ಕೆ ಇಳಿಸಬಾರದು ಎಂದಷ್ಟೇ ಗೊತ್ತಾಗುತ್ತದೆ.

ತಂದೆಗೆ ಸಿಗುವಷ್ಟು ಗಮನ ತಾಯಿಗೆ ಸಿಗುವುದಿಲ್ಲ, ಇದು ಈ ಉದ್ಯಮದ ದೊಡ್ಡ ಅನ್ಯಾಯ. ಬೀಜದ ಕುದುರೆಗೆ ಜಾಹೀರಾತು, ಫೋಟೊ, ಲಕ್ಷಗಟ್ಟಲೆ ಶುಲ್ಕ. ಹನ್ನೊಂದು ತಿಂಗಳು ಹೊತ್ತು, ಆಮೇಲೆ ಐದಾರು ತಿಂಗಳು ಹಾಲೂಡಿಸಿ, ಮರಿಗೆ ಮನುಷ್ಯರನ್ನು ಕಂಡರೆ ಹೆದರಬೇಕೋ ನಂಬಬೇಕೋ ಎಂಬುದನ್ನೂ ಕಲಿಸುವುದು ತಾಯಿ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾರತದಲ್ಲಿ ಎಲ್ಲ ಥರೋಬ್ರೆಡ್‌ಗಳಿಗೂ ಹುಟ್ಟುಹಬ್ಬ ಜನವರಿ 1. ಜನವರಿಯಲ್ಲಿ ಹುಟ್ಟಿದ್ದಕ್ಕೂ ಮೇ ತಿಂಗಳಲ್ಲಿ ಹುಟ್ಟಿದ್ದಕ್ಕೂ ದಾಖಲೆಯಲ್ಲಿ ಒಂದೇ ವಯಸ್ಸು. ಎರಡು ವರ್ಷದ ಕುದುರೆಗಳ ಓಟದಲ್ಲಿ ಆ ನಾಲ್ಕು ತಿಂಗಳ ಎಲುಬಿನ ವ್ಯತ್ಯಾಸ ದೊಡ್ಡದು. ಹಾಗಾಗಿ ಫಾರಂನವರು ತಾಯಿಯನ್ನು ಯಾವ ತಿಂಗಳಲ್ಲಿ ಕೂಡಿಸಬೇಕೆಂದು ಲೆಕ್ಕ ಹಾಕುವಾಗಲೇ ಒಂದು ರೇಸಿನ ಅರ್ಧ ಫಲಿತಾಂಶ ನಿಶ್ಚಯವಾಗಿಬಿಡಬಹುದು.

ಮಹಾಲಕ್ಷ್ಮಿಯಲ್ಲಿ ಓಡುವ ಕುದುರೆಗಳಲ್ಲಿ ದೊಡ್ಡ ಪಾಲು ಪುಣೆ ಸುತ್ತಿನ ಫಾರಂಗಳಿಂದ ಬಂದದ್ದು. 1946ರಲ್ಲಿ ಆರಂಭವಾದ ಪೂನಾವಾಲಾ ಸ್ಟಡ್ ಅವುಗಳಲ್ಲಿ ಹೆಸರಾದದ್ದು. ಆ ಫಾರಂನ ವಯಸ್ಸಾದ ಕುದುರೆಗಳನ್ನು ಮುಂಬಯಿಯ ಪರೇಲ್‌ನ ಹಾಫ್‌ಕಿನ್ ಸಂಸ್ಥೆಗೆ ಕೊಡುತ್ತಿದ್ದರು. ಅವುಗಳ ರಕ್ತದ ಸೀರಮ್ಮಿನಿಂದ ಹಾವಿನ ವಿಷಕ್ಕೆ, ಧನುರ್ವಾಯುವಿಗೆ ಮದ್ದು ತಯಾರಾಗುತ್ತಿತ್ತು. ಆ ಕೆಲಸವನ್ನು ತಾವೇ ಏಕೆ ಮಾಡಬಾರದು ಎಂದುಕೊಂಡ ಸೈರಸ್ ಪೂನಾವಾಲಾ 1966ರಲ್ಲಿ ಸೀರಮ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ಇಂದು ಲೋಕದ ಮಕ್ಕಳಿಗೆ ಲಸಿಕೆ ಒದಗಿಸುವ ಕಂಪನಿಯ ಬೇರು ಒಂದು ಕುದುರೆ ಲಾಯದಲ್ಲಿದೆ. ರೇಸಿನಲ್ಲಿ ಸೋತ ಕುದುರೆಯೂ ಹಳ್ಳಿಯಲ್ಲಿ ಹಾವು ಕಚ್ಚಿಸಿಕೊಂಡವನ ಜೀವ ಉಳಿಸಿರುವುದನ್ನು ನಾವು ನೆನೆಯಬೇಕು.

ಇನ್ನು ಕಾಲು. ಕುದುರೆಯ ಮೈತೂಕ 450ರಿಂದ 500 ಕಿಲೊ. ನಾಗಾಲೋಟದಲ್ಲಿ ಒಂದೊಂದು ಮುಂಗಾಲಿನ ಮೇಲೂ ಅದರ ಎರಡೂವರೆ ಪಟ್ಟು ಭಾರ ಬೀಳುತ್ತದೆ. ಮೊಣಕಾಲಿನಿಂದ ಕೆಳಗೆ ಮಾಂಸಖಂಡವೇ ಇಲ್ಲ. ಎಲುಬು, ಸ್ನಾಯುರಜ್ಜು, ಚರ್ಮ, ಗೊರಸು, ಅಷ್ಟೇ. ಓಡುವಾಗ ಹಿಂಬದಿಯ ಸ್ನಾಯುರಜ್ಜಿನ ಒಳಗೆ ಶಾಖ 45 ಡಿಗ್ರಿಯವರೆಗೆ ಏರುತ್ತದೆ. ಒಮ್ಮೆ ಅದು ಹರಿದರೆ ವಾಸಿಯಾಗಲು ಒಂದು ವರ್ಷ ಬೇಕು, ವಾಸಿಯಾದ ಮೇಲೂ ಮತ್ತೆ ಅಲ್ಲೇ ಹರಿಯುವ ಅಪಾಯ ಉಳಿಯುತ್ತದೆ. ಎಷ್ಟೋ ಒಳ್ಳೆಯ ಕುದುರೆಗಳ ಕಥೆ ಮುಗಿಯುವುದು ಇಲ್ಲೇ.

ಎಳೆಯ ಕುದುರೆಯ ಮುಂಗಾಲಿನ ನಳಿಗೆ ಎಲುಬು ಊದಿ ನೋಯುವ ತೊಂದರೆ ಪ್ರತಿ ಲಾಯದಲ್ಲೂ ಇರುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದ ಪಶುವೈದ್ಯ ಡೇವಿಡ್ ನುನಮೇಕರ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ಕಂಡುಕೊಂಡದ್ದು ಇಷ್ಟು: ಎಲುಬು ತಾನು ಹೊರುವ ಭಾರಕ್ಕೆ ತಕ್ಕಂತೆ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ನಿಧಾನವಾಗಿ ಮೈಲುಗಟ್ಟಲೆ ಓಡಿಸಿದರೆ ಅದು ನಿಧಾನದ ಓಟಕ್ಕೆ ಒಗ್ಗುವ ಎಲುಬಾಗುತ್ತದೆ; ಒಂದು ದಿನ ಇದ್ದಕ್ಕಿದ್ದಂತೆ ವೇಗಕ್ಕೆ ಬಿಟ್ಟರೆ ತಾಳಲಾರದು. ಮೊದಲಿನಿಂದಲೇ ಸ್ವಲ್ಪ ದೂರ, ವಾರಕ್ಕೆ ಕೆಲವು ಸಲ, ಅಳತೆಯಿಟ್ಟು ವೇಗದ ಓಟ ಕೊಡುತ್ತ ಬಂದರೆ ಎಲುಬು ಆ ವೇಗಕ್ಕೇ ಗಟ್ಟಿಯಾಗುತ್ತದೆ. ಟ್ರೇನರ್ ಎಂಬುವನ ಕೆಲಸದ ತಿರುಳು ಇದೇ. ಎಷ್ಟು ಓಡಿಸಬೇಕು ಎಂಬುದಕ್ಕಿಂತ ಯಾವ ದಿನ ಓಡಿಸಬಾರದು ಎಂದು ತಿಳಿಯುವುದು ಕಷ್ಟದ ವಿದ್ಯೆ.

ಆ ದಿನ ಯಾವುದೆಂದು ಟ್ರೇನರಿಗೆ ಹೇಳುವವನು ಸೈಸ. ಬೆಳಗಿನ ಜಾವ ಲಾಯಕ್ಕೆ ಬಂದು ಮೊದಲು ಅವನು ನೋಡುವುದು ಬೋಗುಣಿಯನ್ನು: ರಾತ್ರಿಯ ಮೇವು ಖಾಲಿಯಾಗಿದೆಯೇ, ಉಳಿದಿದೆಯೇ? ಆಮೇಲೆ ಅಂಗೈಯಿಂದ ನಾಲ್ಕೂ ಕಾಲು ಸವರುತ್ತಾನೆ. ಎಡಗಾಲಿಗಿಂತ ಬಲಗಾಲು ಒಂದಿಷ್ಟು ಬೆಚ್ಚಗಿದ್ದರೆ ಆ ಕೈಗೆ ಗೊತ್ತಾಗುತ್ತದೆ. ಲದ್ದಿ ಗಟ್ಟಿಯಾಗಿದೆಯೇ, ಕುದುರೆ ಹೊಟ್ಟೆಯ ಕಡೆ ತಿರುಗಿ ನೋಡುತ್ತಿದೆಯೇ, ನಿನ್ನೆಯಂತೆ ಇಂದೂ ಬಾಗಿಲಿಗೆ ಬಂದು ಕೆನೆಯಿತೇ. ಸ್ಕ್ಯಾನಿಂಗ್ ಯಂತ್ರ ಬರುವುದು ಇದೆಲ್ಲ ಆದ ಮೇಲೆ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ದಿನವಿಡೀ ಊರುತ್ತಲೇ ಇರುತ್ತದೆ, ಏಕೆಂದರೆ ಅದು ದಿನವಿಡೀ ಮೇಯುವ ಪ್ರಾಣಿ. ಅದನ್ನು ಲಾಯದಲ್ಲಿ ಕಟ್ಟಿ ಎರಡು ಮೂರು ಹೊತ್ತು ಕಾಳು ಹಾಕಿದರೆ ಹೊಟ್ಟೆಯೊಳಗೆ ಹುಣ್ಣಾಗುತ್ತದೆ. ತರಬೇತಿಯಲ್ಲಿರುವ ರೇಸು ಕುದುರೆಗಳಲ್ಲಿ ಹತ್ತಕ್ಕೆ ಎಂಟರಲ್ಲಿ ಈ ಹುಣ್ಣು ಕಂಡ ಸಮೀಕ್ಷೆಗಳಿವೆ. ಓಟ್ಸ್, ಹುರುಳಿ ಎಷ್ಟು, ಒಣಹುಲ್ಲು ಎಷ್ಟು, ಕುದುರೆಮಸಾಲೆ ಸೊಪ್ಪು ಯಾವಾಗ ಎಂಬ ಲೆಕ್ಕ ತಪ್ಪಿದರೆ ಯಾವ ವಂಶಾವಳಿಯೂ ಕಾಯುವುದಿಲ್ಲ.

ಮುಂಬಯಿಯ ಗಾಳಿಯೂ ಒಂದು ಪರೀಕ್ಷೆ. ಕುದುರೆ ಬೆವರಿ ಮೈ ತಣಿಸಿಕೊಳ್ಳುತ್ತದೆ. ಕಡಲತೀರದ ಜಿಗುಟು ಹವೆಯಲ್ಲಿ ಕೆಲವು ಕುದುರೆಗಳಿಗೆ ಬೆವರುವುದೇ ನಿಂತುಹೋಗುತ್ತದೆ. ಹಿಂದೆ ಇಂಗ್ಲೆಂಡಿನಿಂದ ಉಷ್ಣ ದೇಶಗಳಿಗೆ ತಂದ ಕುದುರೆಗಳಲ್ಲಿ ಈ ರೋಗವನ್ನು ಮೊದಲು ಗುರುತಿಸಿದರು. ಮಹಾಲಕ್ಷ್ಮಿಯ ಸೀಸನ್ ನವೆಂಬರಿನಿಂದ ಏಪ್ರಿಲ್‌ವರೆಗೆ ನಡೆದು, ಮಳೆಗಾಲಕ್ಕೆ ಕುದುರೆಗಳು ಘಟ್ಟ ಹತ್ತಿ ಪುಣೆಗೆ ಹೋಗುವುದು ಸುಮ್ಮನೆ ಬಂದ ಪದ್ಧತಿಯಲ್ಲ. ನಮ್ಮ ಬೆಂಗಳೂರಿನಿಂದ ಡರ್ಬಿಗೆ ಹೋಗುವ ಕುದುರೆಗಳಿಗೆ ಇದು ಇನ್ನೂ ಕಷ್ಟ. ಸಮುದ್ರಮಟ್ಟಕ್ಕಿಂತ 900 ಮೀಟರ್ ಎತ್ತರದ ಒಣ ಹವೆಯಿಂದ ಸುಮಾರು ಸಾವಿರ ಕಿಲೊಮೀಟರ್ ಲಾರಿಯಲ್ಲಿ ಕಡಲ ಮಟ್ಟಕ್ಕೆ ಇಳಿಯಬೇಕು. ದಾರಿಯುದ್ದಕ್ಕೂ ಕುದುರೆಯ ತಲೆಯನ್ನು ಎತ್ತಿ ಕಟ್ಟಿದ್ದರೆ ಶ್ವಾಸನಾಳದ ಕಫ ಕೆಳಗಿಳಿದು ಹೊರಬರುವುದಿಲ್ಲ, ಶ್ವಾಸಕೋಶಕ್ಕೆ ಸೋಂಕು ತಗುಲುತ್ತದೆ. ಅಲ್ಲಲ್ಲಿ ಲಾರಿ ನಿಲ್ಲಿಸಿ, ಹಗ್ಗ ಸಡಿಲಿಸಿ, ತಲೆ ತಗ್ಗಿಸಲು ಬಿಟ್ಟು, ನೀರು ಕುಡಿಸಬೇಕು. ಆ ಲಾರಿಯಲ್ಲಿ ಜೊತೆಗೆ ಬರುವವನು ಮಾಲೀಕನಲ್ಲ.

ಹಾಗೆ ಹೋದ ಬೆಂಗಳೂರಿನವರು ಎಷ್ಟೋ ಸಲ ಗೆದ್ದು ಬಂದಿದ್ದಾರೆ. ಬೆಂಗಳೂರಿನಲ್ಲಿ ನೆಲೆನಿಂತ ರಶೀದ್ ಬೈರಾಮ್‌ಜಿ ತರಬೇತಿ ಕೊಟ್ಟ ಕುದುರೆಗಳು 12 ಇಂಡಿಯನ್ ಡರ್ಬಿ ಗೆದ್ದಿವೆ. 19 ಓಟಗಳಲ್ಲಿ 18 ಗೆದ್ದ ಸ್ಕ್ವಾಂಡರರ್ ಅವರದೇ ಲಾಯದ್ದು. 1977ರ ಡರ್ಬಿ ಅದರದು. 2010ರಲ್ಲಿ ಗಂಡುಗಳನ್ನು ಹಿಂದೆ ಹಾಕಿ ಡರ್ಬಿ ಗೆದ್ದ ಹೆಣ್ಣು ಕುದುರೆ ಜ್ಯಾಕ್ವೆಲಿನ್ ಬೆಂಗಳೂರಿನ ಪದ್ಮನಾಭನ್ ಅವರ ಕೈಯಲ್ಲಿ ಪಳಗಿದ್ದು. ಮುಂಬಯಿಯ ಪೆಸಿ ಶ್ರಾಫ್ ಜಾಕಿಯಾಗಿ 8 ಡರ್ಬಿ ಗೆದ್ದು, ಆಮೇಲೆ ಟ್ರೇನರ್ ಆಗಿ ಮತ್ತೆ ಗೆದ್ದರು. ಬೆನ್ನ ಮೇಲೆ ಕುಳಿತು ಕುದುರೆಯ ಉಸಿರು ಕೇಳಿದವನಿಗೆ ಲಾಯದಲ್ಲಿ ಅದರ ಮನಸ್ಸು ಓದುವುದು ಸುಲಭ. ನಾಗಾಲೋಟದಲ್ಲಿ ಕುದುರೆ ಒಂದು ನೆಗೆತಕ್ಕೆ ಒಂದೇ ಉಸಿರು ಎಳೆಯುತ್ತದೆ, ಅದೂ ಮೂಗಿನಿಂದ ಮಾತ್ರ. ನಿಂತಾಗ ನಿಮಿಷಕ್ಕೆ ಮೂವತ್ತು ನಲವತ್ತು ಸಲ ಬಡಿಯುವ ಹೃದಯ ಆಗ 220 ದಾಟಿರುತ್ತದೆ. ಗುಲ್ಮ ತಾನು ಕೂಡಿಟ್ಟ ಕೆಂಪು ರಕ್ತಕಣಗಳನ್ನೆಲ್ಲ ಹೊರಚೆಲ್ಲುತ್ತದೆ. ಈ ದಾಸ್ತಾನನ್ನು ಮೊದಲ ಸಾವಿರ ಮೀಟರಿನಲ್ಲೇ ಖರ್ಚು ಮಾಡದೆ ಕೊನೆಯ ನಾನೂರಕ್ಕೆ ಉಳಿಸುವುದು ಜಾಕಿಯ ಕೈಯಲ್ಲಿದೆ.

ಮಹಾಲಕ್ಷ್ಮಿಯ ಅಂಗಳದಲ್ಲೇ 1942ರಿಂದ ಅಮೆಚೂರ್ ರೈಡರ್ಸ್ ಕ್ಲಬ್ ಇದೆ. ಜೂಜಿಲ್ಲದ ಕುದುರೆ ಸವಾರಿಗೆ ಈ ನಗರದಲ್ಲಿ ಅದೇ ಮನೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಸವಾರಿ ಮಾಡಿದ ಇಮ್ತಿಯಾಜ್ ಅನೀಸ್ ಮುಂಬಯಿಯವರು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಡ್ರೆಸಾಜ್ ತಂಡ 41 ವರ್ಷಗಳ ಬಳಿಕ ಸವಾರಿಯಲ್ಲಿ ಭಾರತಕ್ಕೆ ಚಿನ್ನ ತಂದಾಗ ಆ ನಾಲ್ವರಲ್ಲಿ ಮುಂಬಯಿಯ ಹೃದಯ್ ಛೇಡಾ ಒಬ್ಬರು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದು ಟೋಕಿಯೊ ಒಲಿಂಪಿಕ್ಸ್‌ಗೂ ಹೋದರು. ಅವರ ತಂದೆ ಕುದುರೆಗಳ ವೈದ್ಯರು. ಛೇಡಾ, ಮಿರ್ಜಾ ಇಬ್ಬರೂ ಯುರೋಪಿನಲ್ಲಿ ವರ್ಷಗಟ್ಟಲೆ ಇದ್ದು, ಅಲ್ಲಿನ ಕುದುರೆಯ ಜೊತೆ ಬದುಕಿ ಗೆದ್ದವರು. ಆ ಪಂದ್ಯಗಳಿಗೆ ಬೇಕಾದ ಕುದುರೆ ನಮ್ಮಲ್ಲಿ ಹುಟ್ಟುತ್ತಿಲ್ಲ, ಇಲ್ಲಿನ ಕುದುರೆಯನ್ನು ರೋಗಭಯದ ನಿಯಮಗಳಿಂದಾಗಿ ಅಲ್ಲಿಗೆ ಒಯ್ಯುವುದೂ ಕಷ್ಟ. ಸವಾರನಿಗೂ ಕುದುರೆಗೂ ನಡುವೆ ನಂಬಿಕೆ ಬೆಳೆಯಲು ಬೇಕಾದ ಕಾಲವನ್ನು ಕೊಂಡು ತರಲಾಗುವುದಿಲ್ಲ ಎಂಬುದಕ್ಕೆ ಈ ಸವಾರರಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಬೆಟ್ಟಿಂಗಿನಿಂದ ಹಾಳಾದ ಮನೆಗಳು ಮುಂಬಯಿಯಲ್ಲೂ ಬೆಂಗಳೂರಿನಲ್ಲೂ ಬೇಕಾದಷ್ಟಿವೆ, ಅದನ್ನು ಮರೆತು ನಾನು ರೇಸನ್ನು ಹೊಗಳಲಾರೆ. 2025ರಲ್ಲಿ ಬೆಟ್ಟಿಂಗಿನ ಮೇಲಿನ ಜಿಎಸ್‌ಟಿ ಶೇ 28ರಿಂದ 40ಕ್ಕೆ ಏರಿದ್ದರ ಹಿಂದೆ ಆ ಸಿಟ್ಟೂ ಇದ್ದೀತು. ಆದರೆ ಕ್ಲಬ್ಬುಗಳ ಆದಾಯ ಬತ್ತಿದಾಗ ಮೊದಲು ಕತ್ತರಿ ಬೀಳುವುದು ಮೇವಿಗೆ, ಸೈಸನ ಕೂಲಿಗೆ, ಕಾಲು ನೋವಿನ ಕುದುರೆಯ ವಿಶ್ರಾಂತಿಗೆ. ಗೆದ್ದ ಮೊತ್ತದಲ್ಲಿ ಸೈಸನಿಗೆ ಬರೆದಿಟ್ಟ ಪಾಲು, ವಿಮೆ, ವಾಸಕ್ಕೆ ಸರಿಯಾದ ಕೋಣೆ, ಇಷ್ಟನ್ನು ಕೊಟ್ಟ ಲಾಯಕ್ಕೆ ಒಳ್ಳೆಯ ಕೈಗಳು ಉಳಿಯುತ್ತವೆ. ಇದನ್ನು ದಾನಧರ್ಮವೆಂದು ನೋಡಬೇಕಿಲ್ಲ. ಗೆಲುವಿಗೆ ಹಾಕುವ ಬಂಡವಾಳವೆಂದೇ ಲೆಕ್ಕ ಹಿಡಿಯಬಹುದು.

ಕೊನೆಗೆ ನೆಲದ ಮಾತು. ಮಹಾಲಕ್ಷ್ಮಿಯ ಗುತ್ತಿಗೆ 2013ರಲ್ಲಿ ಮುಗಿಯಿತು. 2024ರ ಒಪ್ಪಂದದ ಪ್ರಕಾರ 211 ಎಕರೆಯಲ್ಲಿ 120 ಎಕರೆ ಉದ್ಯಾನಕ್ಕಾಗಿ ನಗರಪಾಲಿಕೆಗೆ, 91 ಎಕರೆ ಕ್ಲಬ್ಬಿಗೆ. ಉಸಿರುಗಟ್ಟಿದ ಆ ನಗರಕ್ಕೆ ಉದ್ಯಾನ ಬೇಕು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಕಡೆಯ ಕುಣಿಗಲ್ ಸ್ಟಡ್ ಫಾರಂನ ವಿಷಯ ಹಾಗಲ್ಲ. ಹೈದರ್, ಟಿಪ್ಪು ಕಾಲದಲ್ಲಿ ಅಶ್ವದಳಕ್ಕೆ ಕುದುರೆ ಬೆಳೆಸಿದ, ಆಮೇಲೆ ಮೈಸೂರು ಅರಸರ ಕೈಯಲ್ಲಿದ್ದ 400 ಎಕರೆಗೂ ಮಿಕ್ಕ ನೆಲ ಅದು. 1992ರಲ್ಲಿ 30 ವರ್ಷಕ್ಕೆ ಗುತ್ತಿಗೆಗೆ ಹೋಗಿ, ಅವಧಿ ಮುಗಿದ ಮೇಲೆ ಅಲ್ಲಿ ಟೌನ್‌ಶಿಪ್ ಕಟ್ಟುವ ಯೋಜನೆ ಹೊರಟಿತು. ಕುಣಿಗಲ್ಲಿನ ಜನ ಅದನ್ನು ವಿರೋಧಿಸಿದರು. ಮನೆ ಕಟ್ಟಲು ತುಮಕೂರು ಜಿಲ್ಲೆಯಲ್ಲಿ ಬೇರೆ ಜಾಗವಿದೆ. ಮರಿ ತಾಯಿಯ ಜೊತೆ ಓಡಾಡಿ ಎಲುಬು ಗಟ್ಟಿ ಮಾಡಿಕೊಳ್ಳುವ ಬಯಲು, ತಲೆಮಾರುಗಳಿಂದ ಕುದುರೆ ನೋಡಿಕೊಂಡು ಬಂದ ಮನೆತನಗಳು, ಎರಡೂ ಒಂದೇ ಕಡೆ ಇರುವ ಇನ್ನೊಂದು ಜಾಗ ಕರ್ನಾಟಕದಲ್ಲಿ ಇಲ್ಲ. ಸರ್ಕಾರ ಆ ನೆಲವನ್ನು ಕುದುರೆಗೇ ಮೀಸಲಿಡಬೇಕು. ಪಶುವೈದ್ಯ ವಿಶ್ವವಿದ್ಯಾಲಯವನ್ನು ಜೊತೆಗೆ ಸೇರಿಸಿಕೊಂಡು ಅಲ್ಲಿ ಸೈಸರಿಗೆ, ಲಾಳ ಹೊಡೆಯುವವರಿಗೆ, ಎಳೆಯ ಸವಾರರಿಗೆ ಶಾಲೆ ತೆರೆಯಬೇಕು. ಕುಣಿಗಲ್ ಸುತ್ತಿನ ಓದುಗರು ತಮ್ಮ ಶಾಸಕರನ್ನು ಇದನ್ನೇ ಕೇಳಲಿ.